ನಾರ್ವಾ ಕೋಟೆಯ ಮ್ಯೂಸಿಯಂ: ಎರಡನೆಯ ಸಲ ಹೋದಾಗ ಕಂಡದ್ದು

ಎಸ್ಟೋನಿಯಾದ ರಾಜಧಾನಿ ಟಾಲಿನ್‌ಗೆ ಬರುವ ಕನ್ನಡದ ಗೆಳೆಯರು ರಷ್ಯಾದ ಗಡಿಯಲ್ಲಿರುವ ನಾರ್ವಾ ಊರನ್ನು ನೋಡಲು ಹೋಗಬಹುದೇ ಎಂದು ಆಗಾಗ ಕೇಳುತ್ತಾರೆ. ಖಂಡಿತ ಹೋಗಿ; ಆದರೆ ಪ್ಯಾಕೇಜ್ ಪ್ರವಾಸದಲ್ಲಿ ಬೇಡ, ರೈಲಿನಲ್ಲಿ ಹೋಗಿ, ಇಡೀ ದಿನವನ್ನು ಕೋಟೆಯ ಮ್ಯೂಸಿಯಂಗೆ ಮೀಸಲಿಡಿ ಎಂಬುದು ನನ್ನ ಉತ್ತರ. ಎರಡು ಸಲ ಹೋಗಿ ಬಂದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಮೊದಲ ಸಲ ಹೋದದ್ದು ಒಂದು ದಿನದ ಬಸ್ ಪ್ರವಾಸದಲ್ಲಿ. ಸುಮಾರು 210 ಕಿ.ಮೀ. ದಾರಿಯುದ್ದಕ್ಕೂ ನಮ್ಮ ಮಾರ್ಗದರ್ಶಿ ಹೇಳಿದ್ದು ಒಂದೇ ಮಾತು: ನಾವು ಹೋಗುತ್ತಿರುವುದು ಯುರೋಪಿನೊಳಗಿರುವ ರಷ್ಯಾಕ್ಕೆ, ಅಲ್ಲಿನವರ ಮನಸ್ಸೆಲ್ಲ ನದಿಯ ಆಚೆಗಿದೆ. ದಂಡೆಯ ಮೇಲೆ ನಲವತ್ತು ನಿಮಿಷ ನಿಲ್ಲಿಸಿ, ಎದುರಿನ ರಷ್ಯಾದ ಬಾವುಟ ತೋರಿಸಿ, ಕೋಟೆಯೊಳಗೆ ಕಾಲಿಡಲೂ ಬಿಡದೆ ವಾಪಸು ಕರೆತಂದರು. ಹಣ ಹೋದದ್ದಕ್ಕಿಂತ ಆ ಮಾತೇ ನನಗೆ ಹೆಚ್ಚು ಬೇಸರ ತಂದಿತು. ನಾನು ಕಾಸರಗೋಡಿನ ಕಡೆಯವಳು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂಬ ಬದುಕನ್ನು ಹುಟ್ಟಿದಾಗಿನಿಂದ ಕಂಡಿದ್ದೇನೆ. ನಮ್ಮಲ್ಲಿ ಗಡಿಯ ಎರಡೂ ಕಡೆ ಒಂದೇ ದೇಶ, ನಡುವೆ ಯುದ್ಧವಿಲ್ಲ, ಹಾಗಾಗಿ ಹೋಲಿಕೆಯನ್ನು ಹೆಚ್ಚು ಎಳೆಯುವುದಿಲ್ಲ. ಆದರೂ ಆಡುವ ಭಾಷೆಯೊಂದನ್ನೇ ನೋಡಿ ಒಬ್ಬರ ನಿಷ್ಠೆಯನ್ನು ತೀರ್ಮಾನಿಸಿದರೆ ಎಷ್ಟು ನೋವಾಗುತ್ತದೆಂದು ಬಲ್ಲೆ.

ಎರಡನೆಯ ಸಲ ಬೆಳಗಿನ ರೈಲಿನಲ್ಲಿ ಒಬ್ಬಳೇ ಹೋದೆ. ಡೇನರು 13ನೆಯ ಶತಮಾನದಲ್ಲಿ ನೆಲೆಯೂರಿ, 1346ರಲ್ಲಿ ಜರ್ಮನ್ ನೈಟ್‌ಗಳಿಗೆ, ಅಂದರೆ ಧರ್ಮಯೋಧರ ಪಂಗಡಕ್ಕೆ, ಮಾರಿದ ಜಾಗವಿದು. ಮಾಸ್ಕೋದ ಮೂರನೆಯ ಇವಾನ್ 1492ರಲ್ಲಿ ಎದುರು ದಡದಲ್ಲಿ ಇವಾನ್‌ಗೊರೊಡ್ ಕೋಟೆಯನ್ನು ಕಟ್ಟಿಸಿದ. ಕೂಗಳತೆಯ ದೂರದಲ್ಲಿ ಎದುರುಬದುರಾಗಿ ನಿಂತ ಎರಡು ಕೋಟೆಗಳು, ನಡುವೆ ನಾರ್ವಾ ನದಿ. ಅದೇ ಈಗ ಐರೋಪ್ಯ ಒಕ್ಕೂಟಕ್ಕೂ ನ್ಯಾಟೋಗೂ ರಷ್ಯಾಕ್ಕೂ ನಡುವಿನ ಗಡಿ. ಊರು ಸ್ವೀಡನ್ನಿನ ಆಳ್ವಿಕೆಯಲ್ಲಿದ್ದ ಕಾಲದ ಸಂಗತಿಗಳನ್ನು, 1700ರಲ್ಲಿ ಇಲ್ಲಿ ಸೋತ ರಷ್ಯಾದ ದೊರೆ ಪೀಟರ್ 1704ರಲ್ಲಿ ಮರಳಿ ಬಂದು ಊರನ್ನು ಗೆದ್ದ ಕಥೆಯನ್ನು ನೀವು ನಿಧಾನವಾಗಿ ನೋಡಿಕೊಳ್ಳಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು 51 ಮೀಟರ್ ಎತ್ತರದ ಹೆರ್ಮನ್ ಗೋಪುರದ ಮೇಲಿನ ನೋಟ.

ಕೆಳಗೆ ಹಳೆಯ ಪೇಟೆ ಇರಬೇಕಾದ ಜಾಗದಲ್ಲಿ ಸೋವಿಯತ್ ಕಾಲದ ಬೂದು ಬಣ್ಣದ ವಸತಿ ಕಟ್ಟಡಗಳ ಸಾಲು ಕಾಣುತ್ತದೆ. ಬರೋಕ್ ಶೈಲಿಯ ಚೆಲುವಿಗೆ ಹೆಸರಾಗಿದ್ದ ಊರು 1944ರ ಮಾರ್ಚ್‌ನ ಸೋವಿಯತ್ ಬಾಂಬ್ ದಾಳಿಯಲ್ಲಿ ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಹಳೆಯ ನಿವಾಸಿಗಳಲ್ಲಿ ಬಹುತೇಕರಿಗೆ ಮರಳಲು ಅವಕಾಶ ಸಿಗಲಿಲ್ಲ. 1857ರಲ್ಲಿ ಆರಂಭವಾಗಿದ್ದ ಕ್ರೆನ್‌ಹೋಮ್ ಹತ್ತಿ ಗಿರಣಿಗೂ ಹೊಸ ಕಾರ್ಖಾನೆಗಳಿಗೂ ಕೆಲಸಗಾರರು ರಷ್ಯಾ ಮತ್ತಿತರ ಸೋವಿಯತ್ ಗಣರಾಜ್ಯಗಳಿಂದ ಬಂದರು. ಇಂದು ಊರಿನ ಐವತ್ತು ಸಾವಿರಕ್ಕೂ ಮಿಕ್ಕ ಜನರಲ್ಲಿ ಶೇ. 90ಕ್ಕಿಂತ ಹೆಚ್ಚಿನವರ ಮನೆಮಾತು ರಷ್ಯನ್. ಇದನ್ನೆಲ್ಲ ವಿವರಿಸಿದವರು ಅಲ್ಲಿನ ಮಾರ್ಗದರ್ಶಿ, ನಡುವಯಸ್ಸಿನ ಮಹಿಳೆ, ಅವರ ಮಾತೃಭಾಷೆಯೂ ರಷ್ಯನ್. ಎಸ್ಟೋನಿಯನ್, ಇಂಗ್ಲಿಷ್ ಎರಡರಲ್ಲೂ ಸಲೀಸಾಗಿ ಮಾತನಾಡುತ್ತಿದ್ದ ಅವರು ಯಾವ ಪ್ರಶ್ನೆಯನ್ನೂ ತಪ್ಪಿಸಿಕೊಳ್ಳಲಿಲ್ಲ.

ಪೌರತ್ವದ ಬಗ್ಗೆ ಕೇಳಿದೆ. ಸೋವಿಯತ್ ಆಳ್ವಿಕೆಯಿಂದ ಬಿಡುಗಡೆಯಾದ ಎಸ್ಟೋನಿಯಾ 1992ರಲ್ಲಿ ಯುದ್ಧಪೂರ್ವದ ಪೌರತ್ವ ಕಾಯಿದೆಯನ್ನು ಮರುಜಾರಿಗೊಳಿಸಿದಾಗ, 1940ರಲ್ಲಿ ದೇಶ ಸೋವಿಯತ್ ವಶವಾಗುವುದಕ್ಕೆ ಮುಂಚಿನ ಪ್ರಜೆಗಳಿಗೂ ಅವರ ಸಂತತಿಗೂ ಮಾತ್ರ ಹಕ್ಕು ತಾನಾಗಿ ಸಿಕ್ಕಿತು. ಉಳಿದವರು ಎಸ್ಟೋನಿಯನ್ ಭಾಷಾ ಪರೀಕ್ಷೆ ಬರೆಯಬೇಕಿತ್ತು. ಮಾರ್ಗದರ್ಶಿಯ ಮನೆಯಲ್ಲಿಯೇ ಮೂರು ಬಗೆಯ ಪಾಸ್‌ಪೋರ್ಟ್‌ಗಳಿವೆಯಂತೆ. ಅವರದು ಎಸ್ಟೋನಿಯಾದ್ದು, ಚಿಕ್ಕಪ್ಪನದು ರಷ್ಯಾದ್ದು, ತಾಯಿಯದು ಯಾವ ದೇಶದ ಪೌರತ್ವವೂ ಇಲ್ಲದವರಿಗೆ ಎಸ್ಟೋನಿಯಾ ಕೊಡುವ, ಎಲ್ಲರೂ ‘ಬೂದು ಪಾಸ್‌ಪೋರ್ಟ್’ ಎನ್ನುವ ಪುಸ್ತಕ. 2008ರಿಂದ ಈ ಬೂದು ಪಾಸ್‌ಪೋರ್ಟಿನವರು ವೀಸಾ ಇಲ್ಲದೆ ರಷ್ಯಾಕ್ಕೆ ಹೋಗಿಬರಬಹುದಾಗಿತ್ತು. ಆಚೆ ದಡದಲ್ಲಿ ತಂಗಿಯಿದ್ದ ತಾಯಿ ಪರೀಕ್ಷೆಯ ಗೋಜಿಗೆ ಹೋಗದಿರಲು ಅದೂ ಒಂದು ಕಾರಣ. ಹೊಸ ವರ್ಷದ ಹಿಂದಿನ ರಾತ್ರಿ ಅವರ ಮನೆಯಲ್ಲಿ ಹನ್ನೊಂದು ಗಂಟೆಗೆ ಮಾಸ್ಕೋ ಸಮಯಕ್ಕೆ ಒಮ್ಮೆ, ಹನ್ನೆರಡಕ್ಕೆ ಎಸ್ಟೋನಿಯಾದ ಸಮಯಕ್ಕೆ ಇನ್ನೊಮ್ಮೆ ಶುಭ ಕೋರುತ್ತಾರೆ. ಇದರಲ್ಲಿ ಯಾವ ಗಂಟೆಯನ್ನು ನೋಡಿ ಆ ತಾಯಿಯ ನಿಷ್ಠೆಯನ್ನು ಅಳೆಯುವುದು?

ಹಾಗೆಂದು ಎಲ್ಲವೂ ಸರಳವಾಗಿದೆ ಎಂದು ಮಾರ್ಗದರ್ಶಿ ಹೇಳಲಿಲ್ಲ. 1993ರ ಜುಲೈನಲ್ಲಿ ಸ್ವಾಯತ್ತತೆಗಾಗಿ ಇಲ್ಲಿ ಜನಮತ ನಡೆದದ್ದನ್ನು, ನ್ಯಾಯಾಲಯ ಅದನ್ನು ತಳ್ಳಿಹಾಕಿದ್ದನ್ನು ಮುಚ್ಚಿಡಲಿಲ್ಲ. 2014ರಲ್ಲಿ ಕ್ರಿಮಿಯಾ ರಷ್ಯಾದ ವಶವಾದ ಮೇಲೆ ‘ಮುಂದಿನದು ನಾರ್ವಾವೇ?’ ಎಂದು ಕೇಳುತ್ತ ಬಂದ ಪತ್ರಕರ್ತರಿಗೆ ಉತ್ತರಿಸಿ ಊರಿಗೇ ದಣಿವಾಗಿದೆ ಎಂದರು. 2022ರ ಆಗಸ್ಟ್‌ನಲ್ಲಿ ಊರಿನ ಹೊರಗಿದ್ದ ಟಿ-34 ಎಂಬ ಸೋವಿಯತ್ ಯುದ್ಧ ಟ್ಯಾಂಕಿನ ಸ್ಮಾರಕವನ್ನು ಸರ್ಕಾರ ತೆರವುಗೊಳಿಸಿದಾಗ ಹಲವರಿಗೆ ಅದು ತಮ್ಮ ಅಜ್ಜಂದಿರ ಸಮಾಧಿಯ ಕಲ್ಲನ್ನೇ ಕಿತ್ತಂತೆ ಅನಿಸಿತಂತೆ. ಅವರಲ್ಲೇ ಕೆಲವರು ಉಕ್ರೇನಿನ ಯುದ್ಧವನ್ನು ಖಂಡಿಸುವವರು ಎಂಬುದನ್ನು ಅವರು ಒತ್ತಿ ಹೇಳಿದರು. 2024ರ ಸೆಪ್ಟೆಂಬರಿನಿಂದ ಶಾಲೆಗಳು ಹಂತಹಂತವಾಗಿ ಎಸ್ಟೋನಿಯನ್ ಮಾಧ್ಯಮಕ್ಕೆ ಬದಲಾಗುತ್ತಿವೆ. ರಷ್ಯಾದ ಪ್ರಜೆಗಳಾಗಿದ್ದು ಇಲ್ಲೇ ನೆಲೆಸಿರುವವರಿಗೆ ಸ್ಥಳೀಯ ಚುನಾವಣೆಯಲ್ಲಿದ್ದ ಮತದ ಹಕ್ಕನ್ನು 2025ರ ಮಾರ್ಚ್‌ನಲ್ಲಿ ಸಂವಿಧಾನ ತಿದ್ದುಪಡಿಯ ಮೂಲಕ ಹಿಂತೆಗೆದುಕೊಳ್ಳಲಾಯಿತು. ದೇಶದ ಭದ್ರತೆಯ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ಐವತ್ತು ವರ್ಷ ಇಲ್ಲೇ ದುಡಿದ ಗಿರಣಿ ಕಾರ್ಮಿಕಳಿಗೆ ಆ ನಿರ್ಧಾರ ಹೇಗೆ ಅನಿಸೀತು ಎಂಬುದೂ ನನ್ನನ್ನು ಕಾಡುತ್ತದೆ.

ಈ ಮ್ಯೂಸಿಯಂ ಮೇಲಿನ ನನ್ನ ಗೌರವಕ್ಕೆ ಇನ್ನೊಂದು ಕಾರಣವಿದೆ. ಎರಡನೆಯ ಮಹಾಯುದ್ಧದ ಸೋವಿಯತ್ ಗೆಲುವನ್ನು ರಷ್ಯಾ ಆಚರಿಸುವ ಮೇ 9ರಂದು, 2023ರಿಂದ ಇವಾನ್‌ಗೊರೊಡ್‌ನಲ್ಲಿ ನಾರ್ವಾದವರಿಗೆ ಕೇಳಲೆಂದೇ ವಿಜಯೋತ್ಸವದ ಸಂಗೀತ ಕಾರ್ಯಕ್ರಮ ನಡೆಯುತ್ತಿದೆ. ಅದೇ ವರ್ಷ ಕೋಟೆಯ ಗೋಡೆಯ ಮೇಲೆ, ನದಿಯಾಚೆಗೆ ಕಾಣುವಂತೆ, ಪುಟಿನ್ ಯುದ್ಧಾಪರಾಧಿ ಎಂಬ ಬೃಹತ್ ಬ್ಯಾನರನ್ನು ಮ್ಯೂಸಿಯಂ ಇಳಿಬಿಟ್ಟಿತು. ರಷ್ಯನ್ ಮಾತನಾಡುವ ಊರಿನ ಸಂಸ್ಥೆಯೊಂದು, ನೆರೆಹೊರೆಯವರ ಅಸಮಾಧಾನ ಕಟ್ಟಿಟ್ಟ ಬುತ್ತಿ ಎಂದು ತಿಳಿದೂ, ಈ ಮಾತನ್ನು ಹೇಳಲು ಎದೆಗಾರಿಕೆ ಬೇಕು.

ಮಕ್ಕಳಿದ್ದರೆ 17ನೆಯ ಶತಮಾನದ ಕುಶಲಕರ್ಮಿಗಳ ಬದುಕನ್ನು ತೋರಿಸುವ ಉತ್ತರ ಅಂಗಳಕ್ಕೆ ತಪ್ಪದೆ ಕರೆದೊಯ್ಯಿರಿ. ಮಂಡಿನೋವಿರುವವರು ಗೋಪುರ ಹತ್ತುವ ಬದಲು ನದಿಯಂಚಿನ ನಡಿಗೆಯ ದಾರಿಯಲ್ಲಿ ಕೂರಬಹುದು. ಎರಡೂ ದಡಗಳಲ್ಲಿ ಗಾಳ ಹಾಕಿ ಕೂತವರು, ಒಂದೇ ನೀರಿಗೆ ಎರಡು ದೇಶಗಳಿಂದ ಬೀಳುವ ದಾರಗಳು ಅಲ್ಲಿಂದ ಚೆನ್ನಾಗಿ ಕಾಣುತ್ತವೆ. ಫೋನು ರಷ್ಯಾದ ನೆಟ್‌ವರ್ಕ್ ಹಿಡಿದರೆ ರೋಮಿಂಗ್ ಶುಲ್ಕ ಬೀಳುತ್ತದೆ, ಮೊದಲೇ ನೆಟ್‌ವರ್ಕನ್ನು ನೀವೇ ಆರಿಸಿಟ್ಟುಕೊಳ್ಳಿ.

ಕೋಟೆಯಿಂದ ಹೊರಬಂದರೆ ರಷ್ಯಾಕ್ಕೆ ದಾಟುವ ಸೇತುವೆಯ ಗೇಟಿನ ಮುಂದಿನ ಸಾಲು ಎದುರಾಗುತ್ತದೆ. 2024ರ ಫೆಬ್ರವರಿಯಿಂದ ವಾಹನಗಳಿಗೆ ದಾರಿಯಿಲ್ಲ, ಆ ವರ್ಷದ ಮೇ ತಿಂಗಳಿನಿಂದ ರಾತ್ರಿ ಗೇಟು ಮುಚ್ಚುತ್ತದೆ, ಹಾಗಾಗಿ ಜನ ಚಕ್ರದ ಚೀಲ ಎಳೆದುಕೊಂಡು ಗಂಟೆಗಟ್ಟಲೆ ನಿಲ್ಲುತ್ತಾರೆ. ನಾನು ನೋಡಿದ ದಿನ ಒಬ್ಬ ಅಜ್ಜಿ ಚೀಲದ ಮೇಲೆಯೇ ಕೂತು, ಹತ್ತಿಬಟ್ಟೆಯಲ್ಲಿ ಸುತ್ತಿದ ಡಬ್ಬಿಯೊಂದನ್ನು ಬಿಸಿಲಿಗೆ ತಾಗದಂತೆ ಸೆರಗಿನಂಥ ಶಾಲಿನಿಂದ ಮರೆಮಾಡಿಕೊಂಡಿದ್ದರು. ದಯವಿಟ್ಟು ಆ ಸಾಲಿನ ಫೋಟೊ ತೆಗೆಯಬೇಡಿ.