ಇಳಿಜಾರಿನ ಗುಂಡಿಗೆ ಯಾವ ಮಣ್ಣು: ಕೆಂಪು, ಕೆರೆ ಗೋಡು (ಹೂಳು), ಜ್ವಾಲಾಮುಖಿ ಬೂದಿ?

ನಂದಿ ಬೆಟ್ಟದ ತಪ್ಪಲಲ್ಲಿ ಗಿಡ ನೆಡುವವರು ಬೂದಿ ಮಣ್ಣಿನ ಆಸೆ ಬಿಡುವುದು ಒಳ್ಳೆಯದು. ಜಪಾನಿನ ಕಾಡುಬೆಟ್ಟಗಳ ಆ ಮಣ್ಣು ಹಗುರ, ಘನ ಸೆಂ.ಮೀ.ಗೆ 0.9 ಗ್ರಾಂ ಮೀರದು. ಸ್ಪಂಜಿನಂತೆ ನೀರು ಹಿಡಿಯುತ್ತದೆ, ಆದರೆ ರಂಜಕವನ್ನು ಗಿಡಕ್ಕೆ ಬಿಟ್ಟುಕೊಡದು. ಇಲ್ಲಿ ಸಿಗುವ ಪ್ಯೂಮಿಸ್ (ಜ್ವಾಲಾಮುಖಿಯ ಹಗುರ, ತೂತುತೂತಾದ ಕಲ್ಲು) ಕುಂಡಕ್ಕೆ ಸರಿ, ಗುಂಡಿಗೆ ದುಬಾರಿ.

ಗ್ರಾನೈಟ್ ಸವೆದು ಆದ ಕೆಂಪು ಮಣ್ಣು ಪುಕ್ಕಟೆ, ನೀರು ಬೇಗ ಬಸಿಯುತ್ತದೆ. ಜೋರು ಮಳೆ ಬಡಿದರೆ ಮಾತ್ರ ಮೇಲ್ಪದರ ಗಟ್ಟಿಯಾಗಿ ನೀರೆಲ್ಲ ಕೆಳಗೋಡುತ್ತದೆ. ಅದಕ್ಕೇ ಗುಂಡಿಯ ಕೆಳಬದಿಗೆ ಅರ್ಧಚಂದ್ರದ ಬದು, ಮೇಲೆ ತರಗೆಲೆ ಹೊದಿಕೆ.

ಗೋಡಿಗೆ ಟ್ರ್ಯಾಕ್ಟರ್ ಬಾಡಿಗೆಯಷ್ಟೇ ಖರ್ಚು. ತೇವ ಉಳಿಸುತ್ತದೆ; ಬರೀ ಅದನ್ನೇ ತುಂಬಿದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಳೆ ಬೇರು ತುಂಡಾಗುತ್ತದೆ.

ಮಳೆಯನ್ನೇ ನಂಬಿದ ಹೊಂಗೆ, ಬೇವಿಗೆ ಮೂರು ಪಾಲು ಕೆಂಪು ಮಣ್ಣು, ಒಂದು ಪಾಲು ಗೋಡು. ಡ್ರಿಪ್ ಇರುವ ಮಾವಿಗೆ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಸಾಕು.