ಮೂರು ಬಾಟಲಿ ಸಾಸಿವೆ, ಒಂದೇ ಒಂದು ಮೂಗು

ಹಳದಿ ಮಸ್ಟರ್ಡ್, ಡಿಜೋನ್, ಕಾಸುಂದಿ: ಬಾಟಲಿಯಲ್ಲಿ ಸಿಗುವ ಈ ಮೂರು ಸಾಸಿವೆ ಸಾಸ್‌ಗಳಲ್ಲಿ ಯಾವುದು ತರಲಿ ಅಂತ ಕೇಳಿದ್ದೀರಿ. ನಾನು ಮೂರನ್ನೂ ತಂದು, ಒಂದೊಂದು ಚಮಚ ಸುಮ್ನೆ ಹಾಗೇ ನೆಕ್ಕಿ ನೋಡಿದೆ. ನೀವು ಹಾಗೆ ಮಾಡಬೇಡಿ.

ಮೊದಲು ಖಾರ. ಸಾಸಿವೆಯ ಖಾರ ಮೆಣಸಿನಕಾಯಿ ಥರ ನಾಲಿಗೆ ಮೇಲೆ ಕೂರುವುದಿಲ್ಲ, ನೇರ ಮೂಗಿಗೆ ಏರುತ್ತದೆ. ಅಮೆರಿಕದ ಹಳದಿ ಮಸ್ಟರ್ಡ್ ಬಿಳಿ ಸಾಸಿವೆಯದು. ಆ ಬಣ್ಣ ಬಂದಿರೋದು ನಮ್ಮ ಅರಿಶಿನದಿಂದಲೇ! ಹುಳಿ ಜಾಸ್ತಿ, ಖಾರ ಹೆಸರಿಗಷ್ಟೇ. ಖಾರಕ್ಕೆ ನನ್ನ ಅಂಕ 10ಕ್ಕೆ 2. ಫ್ರಾನ್ಸಿನ ಡಿಜೋನ್ ಕಂದು ಸಾಸಿವೆಯದು. ಮರ್ಯಾದಸ್ಥನ ಹಾಗೆ ಒಳಗೆ ಬಂದು, ಮೂರು ಸೆಕೆಂಡ್ ಬಿಟ್ಟು ಗುದ್ದುತ್ತದೆ. 7. ಬಂಗಾಳದ ಕಾಸುಂದಿ ಹುಳಿ ಬರಿಸಿ ಮಾಡಿದ್ದು. 9. ನಾನು ಕಣ್ಣೊರೆಸಿಕೊಳ್ಳೋದು ನೋಡಿ ಅಮ್ಮ, "ಯಾರಿಗೇನಾಯ್ತೋ?" ಅಂದರು.

ಬೆಲೆಯಲ್ಲಿ ಡಿಜೋನ್‌ಗೇ ಜಂಬ ಜಾಸ್ತಿ, ವಿದೇಶದಿಂದ ಬಂದದ್ದಲ್ವಾ. ಮುಚ್ಚಳ ತೆಗೆದ ಮೇಲೆ ಹೊರಗಿಟ್ಟರೆ ಅದರ ಗುದ್ದು ಮೆತ್ತಗಾಗುತ್ತದೆ, ಫ್ರಿಜ್‌ನಲ್ಲಿಡಿ.

ಮಕ್ಕಳ ಸ್ಯಾಂಡ್‌ವಿಚ್‌ಗಾದರೆ ಹಳದಿಯದೇ ಸಾಕು. ಸಲಾಡ್ ಮಾಡುವವರಿಗೆ ಡಿಜೋನ್: ಎಣ್ಣೆ, ವಿನೆಗರ್ ಬೇರೆಯಾಗದಂತೆ ಹಿಡಿದಿಡುತ್ತದೆ. ಸಂಜೆ ಬೋಂಡಾ, ಮೀನು ಫ್ರೈ ಇದೆಯಾ? ಕಾಸುಂದಿ. ಮಲೆನಾಡಿನ ಮನೆಯಲ್ಲಿ ಹಸಿ ಸಾಸಿವೆ ಅರೆದು ಮಾಡುವ ‘ಮಾವಿನಹಣ್ಣಿನ ಸಾಸಿವೆ’ ಅನ್ನೋ ಅಡುಗೆ ಉಂಡು ಬೆಳೆದವರಿಗೆ ಇದು ದೂರದ ನೆಂಟ ಅನ್ನಿಸುತ್ತದೆ.

ಯಾವುದನ್ನೇ ತಂದರೂ ಸಾರಿನ ಥರ ಕುದಿಸಬೇಡಿ. ಖಾರ ಆವಿಯಾಗಿ ಹೋಗುತ್ತದೆ, ಆಮೇಲೆ 9 ಕೂಡ 2 ಆಗುತ್ತದೆ.