ಓಟದಿಂದ ಟ್ರಯಾತ್ಲಾನ್‌ಗೆ: ಒಲಿಂಪಿಕ್ ದೂರವೋ, 70.3 ಯೋ? ಎರಡನ್ನೂ ಮಾಡಿ ನೋಡಿದ ಮೇಲೆ

ಕಾಲೇಜಿನಲ್ಲಿ 5,000, 10,000 ಮೀಟರ್ ಓಡಿದವರು ಟ್ರಯಾತ್ಲಾನ್‌ಗೆ ಬಂದು ಅದನ್ನೇ ಕಸುಬು ಮಾಡಿಕೊಳ್ಳಬೇಕು ಅಂದುಕೊಂಡರೆ ಎದುರಿಗೆ ಎರಡು ದಾರಿ ಇವೆ. ಮೊದಲನೆಯದು ಒಲಿಂಪಿಕ್ ದೂರ. 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಇನ್ನೊಂದು 70.3, ಅಂದರೆ ಹಾಫ್ ಐರನ್‌ಮ್ಯಾನ್. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಕೂಡಿಸಿದರೆ 113 ಕಿ.ಮೀ., ಮೈಲಿ ಲೆಕ್ಕದಲ್ಲಿ 70.3. ಹೆಸರು ಬಂದದ್ದು ಅಲ್ಲಿಂದಲೇ.

ಡಿಗ್ರಿ ಮುಗಿಸಿ ಮಂಗಳೂರಿನಿಂದ ಕೊಡಗಿನ ಸುಂಟಿಕೊಪ್ಪದ ಮನೆಗೆ ಬಂದು ಎರಡು ವರ್ಷ ಆಯಿತು. ಆಗ 10,000 ಮೀಟರ್‌ನಲ್ಲಿ ನನ್ನ ಟೈಮಿಂಗ್ 36 ನಿಮಿಷ 40 ಸೆಕೆಂಡ್. ಮಂಗಳ ಕ್ರೀಡಾಂಗಣದ ಟ್ರ್ಯಾಕ್‌ನಲ್ಲಿ 25 ಸುತ್ತು ಹಾಕಿ ಹಾಕಿ ಬಂದ ಟೈಮಿಂಗ್ ಅದು. ವಿಶ್ವವಿದ್ಯಾನಿಲಯದ ಮಟ್ಟಿಗೆ ಪರವಾಗಿಲ್ಲ, ದೇಶದ ಮಟ್ಟಕ್ಕೆ ಸಾಲದು. ಟ್ರಯಾತ್ಲಾನ್‌ಗೆ ಹೋಗುತ್ತೇನೆ ಅಂದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಇಷ್ಟು ದಿನ ಓಡಿದ್ದು ಸಾಲದಾ ಮಗಾ, ಈಗ ನೀರಿಗೂ ಇಳೀಬೇಕಾ?" ಅವರ ಭಯ ನನಗೆ ಗೊತ್ತು. ಮಳೆಗಾಲದ ಹೊಳೆ ನೋಡಿ ಬೆಳೆದವರು. ನಮ್ಮ ಮನೆಯಲ್ಲಿ ಹೊಳೆಗೆ ಇಳಿಯಲು ಯಾರನ್ನೂ ಬಿಟ್ಟವರಲ್ಲ. ಹಾಗಾಗಿ 21ನೇ ವಯಸ್ಸಿನವರೆಗೆ ನನಗೆ ಈಜು ಬರುತ್ತಿರಲಿಲ್ಲ.

ನನ್ನ ಹಾಗೆ ಓಟದಿಂದ ಬರುವವರಿಗೆ ಎರಡು ದಾರಿಯಲ್ಲೂ ಮೊದಲು ಅಡ್ಡ ಬರುವುದು ಈಜೇ. ಆದರೆ ಎರಡೂ ಕಡೆ ಅದು ಅಡ್ಡ ಬರುವ ರೀತಿ ಬೇರೆ. ಅದು ಅರ್ಥವಾಗಲು ನನಗೆ ಒಂದು ಇಡೀ ಸೀಸನ್ ಬೇಕಾಯಿತು.

ಮೊದಲು ಒಲಿಂಪಿಕ್ ದೂರ. ಎಲೀಟ್ ವಿಭಾಗದಲ್ಲಿ, ಅಂದರೆ ಮೇಲ್ಮಟ್ಟದ ಸ್ಪರ್ಧಿಗಳ ನಡುವೆ, ಇದು ಡ್ರಾಫ್ಟಿಂಗ್ ಇರುವ ರೇಸ್. ಅಂದರೆ ಸೈಕಲ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಗುಂಪಾಗಿ ಹೋಗಬಹುದು. ಮುಂದಿನವರು ಗಾಳಿ ಸೀಳಿಕೊಂಡು ಹೋಗುತ್ತಾರೆ, ಹಿಂದಿನವರಿಗೆ ಸುಮಾರು ಕಾಲು ಭಾಗದಷ್ಟು ಶ್ರಮ ಉಳಿಯುತ್ತದೆ. ಗುಂಪಿನ ಜೊತೆ ನೀರಿನಿಂದ ಎದ್ದರೆ ಸೈಕಲ್‌ನಲ್ಲಿ ಕಾಲು ಉಳಿಸಿಕೊಂಡು ಕೊನೆಯ 10 ಕಿ.ಮೀ.ನಲ್ಲಿ ಓಡಿ ಗೆಲ್ಲಬಹುದು. ಓಟಗಾರರಿಗೆ ಹೇಳಿ ಮಾಡಿಸಿದ ಆಟ, ಅಲ್ವಾ? ಅಲೆಕ್ಸ್ ಯೀ 2018ರಲ್ಲಿ ಬ್ರಿಟನ್ನಿನ 10,000 ಮೀಟರ್ ಚಾಂಪಿಯನ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಓಟದ ಕೊನೆಯ ಕೆಲವು ನೂರು ಮೀಟರ್‌ನಲ್ಲಿ ನ್ಯೂಜಿಲೆಂಡ್‌ನ ಹೇಡನ್ ವೈಲ್ಡ್‌ರನ್ನು ಹಿಂದೆ ಹಾಕಿ ಚಿನ್ನ ಗೆದ್ದರು. ಆ ವಿಡಿಯೋ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ನನ್ನ ಮೊದಲ ಎಲೀಟ್ ರೇಸ್‌ನಲ್ಲಿ ನಡೆದದ್ದು ಬೇರೆ. ನೀರಿನಿಂದ ಹೊರಗೆ ಬಂದಾಗ ಮೊದಲ ಗುಂಪು ನನಗಿಂತ 8 ನಿಮಿಷ ಮುಂದಿತ್ತು. 40 ಕಿ.ಮೀ. ಅಂದರೆ ಅಲ್ಲಿ ಆರು ಸುತ್ತು. ನಾನು ಒಬ್ಬಳೇ, ಎದುರು ಗಾಳಿ, ಗಂಟೆಗೆ 32 ಕಿ.ಮೀ. ಅವರು ಗುಂಪಿನಲ್ಲಿ 37. ಎರಡನೇ ಸುತ್ತು ಮುಗಿಯಲು ಸ್ವಲ್ಪ ಇದೆ ಅನ್ನುವಾಗ ಹಿಂದಿನಿಂದ ಚೈನುಗಳ ಸದ್ದು ಕೇಳಿಸಿತು. ಜೇನುಹುಳು ಎದ್ದ ಹಾಗೆ. ಇಡೀ ಗುಂಪು ಪಕ್ಕದಿಂದ ದಾಟಿ ಹೋಯಿತು. ಒಂದು ಸುತ್ತು ಹಿಂದೆ ಬಿದ್ದರೆ ರೇಸ್‌ನಿಂದ ಹೊರಗೆ. ನಿಯಮ ಹಾಗೆಯೇ ಇದೆ, ತಪ್ಪು ಯಾರದ್ದೂ ಅಲ್ಲ. ತೀರ್ಪುಗಾರರು ಕೈ ತೋರಿಸಿದರು, ಇಳಿದೆ. ಬೂಟುಗಳು ಟ್ರಾನ್ಸಿಶನ್ ಜಾಗದಲ್ಲಿ, ಅಂದರೆ ಸೈಕಲ್ ಬಿಟ್ಟು ಓಟಕ್ಕೆ ಹೊರಡುವಲ್ಲಿ, ನಾನು ಬೆಳಿಗ್ಗೆ ಇಟ್ಟ ಹಾಗೆಯೇ ಇದ್ದವು, ಲೇಸ್ ಸಡಿಲ ಮಾಡಿ, ಒಳಗೆ ಪೌಡರ್ ಹಾಕಿ. ನನಗೆ ಬರುವುದು ಓಟ ಒಂದೇ. ಅದರವರೆಗೆ ಹೋಗಲಿಕ್ಕೇ ಆಗಲಿಲ್ಲ. ಅವತ್ತು ಬಸ್ಸಿನಲ್ಲಿ ಮನೆ ತಲುಪುವವರೆಗೆ ಅತ್ತಿದ್ದೇನೆ.

ಆಮೇಲೆ 70.3. ಗೋವಾದಲ್ಲಿ 2019ರಿಂದ ಐರನ್‌ಮ್ಯಾನ್ 70.3 ನಡೆಯುತ್ತಿದೆ, ಈಜು ಮಿರಾಮಾರ್ ಬೀಚ್‌ನ ಸಮುದ್ರದಲ್ಲಿ. ನಾನು ಏಜ್ ಗ್ರೂಪ್ ವಿಭಾಗದಲ್ಲಿ, ಅಂದರೆ ಹವ್ಯಾಸಿಗಳು ವಯಸ್ಸಿನ ಗುಂಪಿನ ಪ್ರಕಾರ ಸ್ಪರ್ಧಿಸುವಲ್ಲಿ, ಹೋದೆ. ಇಲ್ಲಿ ಡ್ರಾಫ್ಟಿಂಗ್ ಇಲ್ಲ. ಮುಂದಿನ ಸೈಕಲ್‌ನಿಂದ 12 ಮೀಟರ್ ದೂರ ಬಿಡಬೇಕು. ಹಾಗಾಗಿ ಎಲ್ಲರೂ ಒಂಟಿಯೇ. ನೀರಿನಲ್ಲಿ 8 ನಿಮಿಷ ಕಳೆದುಕೊಂಡರೆ ಅದು 8 ನಿಮಿಷವೇ, ಹಿಂದಿನಿಂದ ಬಂದು ಯಾರೂ ನಿಮ್ಮನ್ನು ಹೊರಗೆ ಹಾಕುವುದಿಲ್ಲ. ಇಡೀ ಹೋಲಿಕೆಯಲ್ಲಿ ದೊಡ್ಡ ವ್ಯತ್ಯಾಸ ಇದೇ. ಡ್ರಾಫ್ಟಿಂಗ್ ರೇಸ್‌ನಲ್ಲಿ ಈಜಿನ ಸಾಲಕ್ಕೆ ಸೈಕಲ್‌ನಲ್ಲಿ ಬಡ್ಡಿ ಏರುತ್ತಾ ಹೋಗುತ್ತದೆ. 70.3ಯಲ್ಲಿ ಅಸಲು ಮಾತ್ರ.

ಈಜು 44 ನಿಮಿಷ. ಸೈಕಲ್ 2 ಗಂಟೆ 58 ನಿಮಿಷ. ಇನ್ನು ನನ್ನ ಆಟ ಅಂದುಕೊಂಡು ಓಟಕ್ಕೆ ಇಳಿದೆ. ಬರೀ ಹಾಫ್ ಮ್ಯಾರಥಾನ್ ಆದರೆ ನಾನು 1 ಗಂಟೆ 22 ನಿಮಿಷದಲ್ಲಿ ಮುಗಿಸುತ್ತೇನೆ. ಅಲ್ಲಿ ಹಿಡಿದದ್ದು 1 ಗಂಟೆ 43 ನಿಮಿಷ. 90 ಕಿ.ಮೀ. ಒಬ್ಬಳೇ ತುಳಿದ ಮೇಲೆ ತೊಡೆಯಲ್ಲಿ ಏನೂ ಉಳಿದಿರಲಿಲ್ಲ. ಅದಕ್ಕಿಂತ ಜಾಸ್ತಿ, ತಿನ್ನುವುದು ನನಗೆ ಗೊತ್ತಿರಲಿಲ್ಲ. ಟ್ರ್ಯಾಕ್ ಓಟಗಾರರು ರೇಸ್ ನಡುವೆ ಏನೂ ತಿಂದು ಅಭ್ಯಾಸ ಇರುವವರಲ್ಲ. ಐದು ಗಂಟೆಯ ರೇಸ್‌ಗೆ ಎರಡು ಬಾಳೆಹಣ್ಣು, ಒಂದು ಬಾಟಲಿ ಬೆಲ್ಲದ ನೀರು ತೆಗೆದುಕೊಂಡು ಹೋಗಿದ್ದೆ. 12ನೇ ಕಿ.ಮೀ.ನಲ್ಲಿ ಕಣ್ಣು ಕತ್ತಲೆ ಬಂತು. ಆದರೂ ಮುಗಿಸಿದೆ. ಮುಗಿಸಿದ ಖುಷಿ ನಿಜವಾದ ಖುಷಿ, ಅದನ್ನು ಕಡಿಮೆ ಮಾಡಿ ಹೇಳಲಾರೆ. ಮನೆಗೆ ಬಂದಾಗ ಅಮ್ಮ ಕಡುಬು ಬೇಯಿಸಿ ಇಟ್ಟಿದ್ದರು.

ಖರ್ಚಿನ ವಿಷಯ ಬೇಗ ಹೇಳಿಬಿಡುತ್ತೇನೆ. ಡ್ರಾಫ್ಟಿಂಗ್ ರೇಸ್‌ನಲ್ಲಿ ಟಿಟಿ ಬೈಕ್ (ಗಾಳಿ ಸೀಳಲು ಬಗ್ಗಿ ಕೂತು ಒಂಟಿಯಾಗಿ ತುಳಿಯುವ ಟೈಮ್ ಟ್ರಯಲ್ ಸೈಕಲ್) ಬಿಡುವುದಿಲ್ಲ, ಎಲ್ಲರಿಗೂ ರೋಡ್ ಬೈಕೇ. ನನ್ನದು 65,000 ರೂಪಾಯಿಯ ಸೆಕೆಂಡ್‌ಹ್ಯಾಂಡ್ ಅಲ್ಯೂಮಿನಿಯಂ ಬೈಕ್. 70.3ಗೂ ಅದನ್ನೇ ತೆಗೆದುಕೊಂಡು ಹೋಗಬಹುದು, ಬಗ್ಗಿ ಮೊಣಕೈ ಊರಲು ಏರೋಬಾರ್ ಕಟ್ಟಿಕೊಂಡರೆ ಆಯಿತು. ಆದರೆ ಮುಂದಿನ ಸಾಲಿನವರ ಹತ್ತಿರ ಇರುವುದು ಲಕ್ಷಗಳ ಲೆಕ್ಕದ ಟಿಟಿ ಬೈಕ್. ಅಲ್ಲಿ ದುಡ್ಡಿಗೆ ಸಮಯ ಸಿಗುತ್ತದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ.

ಕೊಡಗಿನಲ್ಲಿದ್ದು ತಯಾರಿ ಮಾಡುವವರಿಗೆ ಇದೆಲ್ಲ ಇನ್ನೊಂದು ಥರ ಕಾಣುತ್ತದೆ. ಸೈಕಲ್‌ಗೆ ನಮ್ಮಷ್ಟು ಒಳ್ಳೆಯ ಜಾಗ ಕಡಿಮೆ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿ.ಮೀ. ಏರು, ಭಾಗಮಂಡಲದಿಂದ ತಲಕಾವೇರಿಗೆ ಎಂಟು ಕಿ.ಮೀ. ಕಡಿದಾದ ಏರು, ಸಂಪಾಜೆ ಘಾಟಿ ಬೇಕಾದರೆ ಅದೂ ಇದೆ. ತಲಕಾವೇರಿ ವಾರಕ್ಕೊಂದು ಸಲ ಹತ್ತಿದರೆ ಕಾಲು ತಾನಾಗಿ ಗಟ್ಟಿಯಾಗುತ್ತದೆ. ಆದರೆ 70.3ಗೆ ಬೇಕಾದದ್ದು ಮೂರು ಗಂಟೆ ಒಂದೇ ಹದದಲ್ಲಿ, ಬಗ್ಗಿ ಕೂತು, ನಿಲ್ಲಿಸದೆ ತುಳಿಯುವುದು. ನಮ್ಮ ರಸ್ತೆಯಲ್ಲಿ ಹತ್ತು ನಿಮಿಷಕ್ಕೊಂದು ತಿರುವು, ಇಳಿಜಾರು, ಎದುರಿಗೆ ಬಸ್. ಬೆಳಕು ಹರಿಯುವ ಮೊದಲು ಆನೆಕಾಡಿನ ಕಡೆ ಹೋಗುವಂತೆಯೂ ಇಲ್ಲ, ಆನೆ ಎಲ್ಲಿದೆ ಎಂದು ವಾಟ್ಸಾಪ್ ಗುಂಪಿನಲ್ಲಿ ನೋಡಿಯೇ ಹೊರಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ಮನೆಯ ಅಟ್ಟದ ಕೆಳಗೆ ಟ್ರೈನರ್ ಅನ್ನುವ ಸ್ಟ್ಯಾಂಡ್‌ಗೆ ಸೈಕಲ್ ಸಿಕ್ಕಿಸಿ ತುಳಿಯುವುದೊಂದೇ ಉಪಾಯ. ಒಂದು ಗಂಟೆ ಸರಿ. ಮೂರು ಗಂಟೆ ಅದರ ಮೇಲೆ ಕೂತವರಿಗೇ ಗೊತ್ತು. ಡಿಸೆಂಬರ್ ಬಂದರೆ ಕಾಫಿ ಕೊಯ್ಲು, ಕಣದಲ್ಲಿ ಕೆಲಸ, ಉದ್ದ ಸವಾರಿಗೆ ಇಡೀ ಬೆಳಿಗ್ಗೆ ಸಿಗುವುದಿಲ್ಲ. ಚಿಕ್ಕ ದೂರದ ತಯಾರಿ ಇವೆಲ್ಲದರ ನಡುವೆ ಹೇಗೋ ಕೂರುತ್ತದೆ.

ಉಳಿದದ್ದು ಈಜು. ಕುಶಾಲನಗರದ ಹತ್ತಿರ ಒಂದು ಶಾಲೆಯ 25 ಮೀಟರ್ ಕೊಳದಲ್ಲಿ ವಾರಕ್ಕೆ ಐದು ದಿನ, ಅಕ್ಟೋಬರ್ ನಂತರ ಒಂದೆರಡು ಸಲ ಮಂಗಳೂರಿನ ತಣ್ಣೀರುಬಾವಿಯ ಸಮುದ್ರ. ಮೊದಲ ತಿಂಗಳು ಕಿಕ್‌ಬೋರ್ಡ್ (ತೇಲುವ ಹಲಗೆ) ಹಿಡಿದು ಕಾಲು ಬಡಿದರೆ ನಾನು ಇದ್ದಲ್ಲೇ ಇರುತ್ತಿದ್ದೆ. ಕೋಚ್ ಸರ್ ನನ್ನ ಪಾದ ಹಿಡಿದು ನೋಡಿ ಹೇಳಿದರು, "ಇದು ಓಡುವ ಪಾದ, ಈಜುವ ಪಾದ ಅಲ್ಲ." ಓಟಗಾರರ ಪಾದದ ಕೀಲು ಬಿಗಿ. ನೆಲಕ್ಕೆ ಒದ್ದು ಮುಂದೆ ಹೋಗಲು ಆ ಬಿಗಿ ಒಳ್ಳೆಯದು. ನೀರಿನಲ್ಲಿ ಪಾದ ಹಿಂದಕ್ಕೆ ಚಾಚಿಕೊಳ್ಳದೆ ಕೊಕ್ಕೆಯ ಹಾಗೆ ನಿಂತು ಎಳೆಯುತ್ತದೆ, ಕಾಲು ಮುಳುಗುತ್ತದೆ. ಅವತ್ತಿನಿಂದ ದಿನಾ ರಾತ್ರಿ ಹತ್ತು ನಿಮಿಷ ವಜ್ರಾಸನ. ಆರು ತಿಂಗಳಲ್ಲಿ 100 ಮೀಟರ್‌ಗೆ 2 ನಿಮಿಷ 25 ಸೆಕೆಂಡ್ ಇದ್ದದ್ದು 1 ನಿಮಿಷ 58 ಸೆಕೆಂಡ್‌ಗೆ ಬಂತು. ಓಟದ ಶ್ವಾಸಕೋಶ ಎಷ್ಟೇ ದೊಡ್ಡದಿದ್ದರೂ ಈಜಿನಲ್ಲಿ ಮೊದಲು ಸರಿಯಾಗಬೇಕಾದದ್ದು ದೇಹ ಮಲಗುವ ರೀತಿ.

ಗ್ವೆನ್ ಜೋರ್ಗೆನ್ಸನ್ ಹೆಸರು ಹೇಳಿ ಧೈರ್ಯ ತುಂಬುವವರು ತುಂಬಾ ಜನ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಓಟಗಾರ್ತಿ, ಆಮೇಲೆ ಲೆಕ್ಕಪತ್ರದ ಕೆಲಸ, ಅಲ್ಲಿಂದ ಟ್ರಯಾತ್ಲಾನ್, 2016ರ ರಿಯೋದಲ್ಲಿ ಒಲಿಂಪಿಕ್ ಚಿನ್ನ. ಎಲ್ಲ ನಿಜ. ಆದರೆ ಅವರು ಚಿಕ್ಕಂದಿನಿಂದ ಈಜುಗಾರ್ತಿ, ಕಾಲೇಜಿನಲ್ಲೂ ಮೊದಲು ಈಜು ತಂಡದಲ್ಲಿದ್ದವರು. ಈ ಅರ್ಧವನ್ನು ಯಾರೂ ಹೇಳುವುದಿಲ್ಲ. ನಮ್ಮ ಓಟದ ಹುಡುಗಿಯರು ಇದನ್ನು ತಿಳಿದುಕೊಂಡೇ ಬರಬೇಕು ಅನ್ನುವುದು ನನ್ನ ಆಸೆ. ಇಲ್ಲದಿದ್ದರೆ ನಾನು ಬಸ್ಸಿನಲ್ಲಿ ಅತ್ತ ಹಾಗೆ ಅವರೂ ಅಳಬೇಕಾಗುತ್ತದೆ.

ಹಾಗಾದರೆ ಯಾವುದು? 30 ದಾಟಿದವರು, ಕೆಲಸದಲ್ಲಿರುವವರು, ಈಗಷ್ಟೇ ಈಜು ಕಲಿತವರು ಕಣ್ಣು ಮುಚ್ಚಿ 70.3ಗೆ ಹೋಗಿ. ಕಲಿಯುತ್ತಲೇ ರೇಸ್ ಮಾಡಬಹುದು, ಮುಗಿಸಿಯೇ ಬರುತ್ತೀರಿ. ಕಾಲೇಜು ಈಗ ಮುಗಿಸಿದವರು, ಎಲೀಟ್ ಲೈಸೆನ್ಸ್ ಪಡೆದು ದೇಶಕ್ಕೆ ಆಡಬೇಕು ಅನ್ನುವವರು ಒಲಿಂಪಿಕ್ ದೂರವನ್ನೇ ಹಿಡಿಯಬೇಕು ಅನ್ನುತ್ತೇನೆ. ಒಲಿಂಪಿಕ್ಸ್‌ನ ವೈಯಕ್ತಿಕ ಸ್ಪರ್ಧೆಯಲ್ಲಿ ಇರುವುದು ಅದೇ. ಗೋವಾಕ್ಕೆ ತಯಾರಾದ ಐದು ತಿಂಗಳಲ್ಲಿ ನನ್ನ 5,000 ಮೀಟರ್ ಟೈಮಿಂಗ್ 40 ಸೆಕೆಂಡ್ ಹಿಂದೆ ಹೋಯಿತು. ಓಟದ ವೇಗ ಒಮ್ಮೆ ಹೋದರೆ ಮರಳಿ ತರುವುದು ಕಷ್ಟ, ಉದ್ದ ದೂರದ ಶಕ್ತಿಯನ್ನು 30ರ ನಂತರವೂ ಕಟ್ಟಿಕೊಳ್ಳಬಹುದು. ನನಗೆ ಈಗ 23.

ಹಾಗಾಗಿ ಈ ವರ್ಷ ಗೋವಾ ಬಿಟ್ಟಿದ್ದೇನೆ. ಸೈಕಲ್ ವಾರಕ್ಕೆ ಮೂರು ದಿನ, ಓಟ ನಾಲ್ಕು, ಈಜು ಆರಕ್ಕೆ ಏರಿಸಿದ್ದೇನೆ. ಎರಡು ಶನಿವಾರಕ್ಕೊಮ್ಮೆ ಮೊದಲ ಬಸ್ಸಿಗೆ ಮೈಸೂರಿಗೆ ಹೋಗಿ 50 ಮೀಟರ್ ಕೊಳದಲ್ಲಿ 1,500 ಟೈಮ್ ಟ್ರಯಲ್. ಗುಂಪಿನ ಬಾಲ ಹಿಡಿಯಬೇಕಾದರೆ 24 ನಿಮಿಷದೊಳಗೆ ಬರಬೇಕು. ಕಳೆದ ಶನಿವಾರ 26 ನಿಮಿಷ 10 ಸೆಕೆಂಡ್ ಆಯಿತು.